ಅತ್ತಿಗುಟ್ಟೆ ನರ್ಸಮ್ಮನ ಕೇಸು

ಗುರುವಾರ ಬೆಳಗ್ಗೆ ಮೈತ್ರೇಯಿ ಅಟ್ಟದ ಮೇಲಿನ ಹಿತ್ತಾಳೆ ಕೊಳಗ ಇಳಿಸೋಣವೆಂದು ಸ್ಟೂಲು ಹತ್ತಿದಳು. ಕೊಳಗಕ್ಕೂ ಅವಳ ಕೈಗೂ ನಡುವೆ ಗಂಡನ ಕೇಸಿನ ಕಟ್ಟುಗಳು ಗೋಡೆಯ ಹಾಗೆ ನಿಂತಿದ್ದವು. ಒಂದೊಂದನ್ನೇ ಇಳಿಸುತ್ತ ಹೋದಂತೆ ಅವಳ ಮೂಗಿಗೆ ಧೂಳು ಹೊಕ್ಕಿತು, ತಲೆಗೆ ಒಂದು ಪ್ರಶ್ನೆ ಹೊಕ್ಕಿತು. ಮೊದಲು ಸೀನಿದಳು, ಆಮೇಲೆ ಕೇಳಿದಳು.

“ಏನೂಂದ್ರೆ, ಇದರಲ್ಲಿ ಮುಗಿದು ಹೋಗಿರೋ ಕೇಸು ಯಾವುದು? ಅದನ್ನಾದರೂ ಹಳೇ ಪೇಪರಿನವನಿಗೆ ಹಾಕೋಣ.”

ಇಡ್ಲಿ ಮುರಿಯುತ್ತಿದ್ದ ಸುಧೀಂದ್ರ ಕೈ ನಿಲ್ಲಿಸಿ ಯೋಚಿಸಿದ. ಇಡ್ಲಿ ಆರಿ ತಣ್ಣಗಾಯಿತೇ ಹೊರತು ಉತ್ತರ ಹೊಳೆಯಲಿಲ್ಲ.

ಅವನು ಸೇಲಂನಲ್ಲಿ ವಕೀಲಿಕೆ ಶುರು ಮಾಡಿ ಹನ್ನೊಂದು ವರ್ಷವಾಗಿತ್ತು. ಡಾಕ್ಟರು, ನರ್ಸು, ಔಷಧಿ ಅಂಗಡಿಯವರ ಮೇಲೆ ದೂರು ಬಂದು ಕೌನ್ಸಿಲ್ಲೋ ಇಲಾಖೆಯೋ ವಿಚಾರಣೆಗೆ ಕರೆದರೆ ಅವರ ಪರವಾಗಿ ಹೋಗಿ ನಿಲ್ಲುವುದು ಅವನ ಕೆಲಸ. ಬೀದಿಗೆರಡು ಆಸ್ಪತ್ರೆ ಇರುವ ಊರಿನಲ್ಲಿ ಈ ಕೆಲಸಕ್ಕೆ ಬರವಿಲ್ಲ. ಬೋರ್ಡಿನಲ್ಲಿ ‘ವೈದ್ಯಕೀಯ’ ಎಂಬ ಪದ ನೋಡಿ ನಾಲಿಗೆ ಚಾಚಿಕೊಂಡು ಒಳಗೆ ಬರುವವರನ್ನು ಬಿಟ್ಟರೂ ಎಂಟು ಹತ್ತು ಕಕ್ಷಿದಾರರು ಯಾವಾಗಲೂ ಇರುತ್ತಿದ್ದರು. ಆದರೆ ಸುಧೀಂದ್ರ ಬಹಳ ಎಚ್ಚರದ ಮನುಷ್ಯ. ಇನ್ನೊಂದು ದಾಖಲೆ ನೋಡಬೇಕು, ಇನ್ನೊಂದು ತೀರ್ಪು ಓದಬೇಕು, ಅಲ್ಲಿಯವರೆಗೆ ವಾಯಿದೆ ಕೊಡಿ ಎಂದು ಕೇಳುತ್ತಿದ್ದ. ಹಲ್ಲಿನ ಡಾಕ್ಟರು ಸಮೀರರ ಮೇಲೆ, ನೋಯುವ ಹಲ್ಲು ಬಿಟ್ಟು ಬೇರೆ ಹಲ್ಲು ಕಿತ್ತರೆಂದು ಒಬ್ಬರು ದೂರು ಕೊಟ್ಟು ಆರು ವರ್ಷ. ಅಷ್ಟರಲ್ಲಿ ದೂರುದಾರರ ಉಳಿದ ಹಲ್ಲುಗಳೂ ತಾವಾಗಿಯೇ ಉದುರಿ, ಯಾವ ಹಲ್ಲಿನ ವಿಚಾರ ಎಂದು ತೋರಿಸುವುದೇ ಅವರಿಗೆ ಕಷ್ಟವಾಗಿತ್ತು.

ಕರಿಬೇವು ಕೇಳಲು ಬಂದಿದ್ದ ಮಹಡಿ ಮನೆಯ ವೇದವತಿ ಬಾಗಿಲಲ್ಲೇ ನಿಂತು ಇಷ್ಟನ್ನೂ ಕೇಳಿಸಿಕೊಂಡರು. “ಹೋಗಲಿ ಬಿಡೇ ಮೈತ್ರೇಯಿ,” ಎಂದರು. “ಜ್ವರದ ಮಾತ್ರೆ ಐದು ದಿನಕ್ಕೆ ಮುಗಿಯತ್ತೆ. ನಿಮ್ಮ ಯಜಮಾನರ ಕೇಸು ಬಿಪಿ ಮಾತ್ರೆ ಇದ್ದ ಹಾಗೆ, ಜೀವ ಇರೋವರೆಗೂ ನಡೀಬೇಕು.”

ಆ ಮಾತು ಸುಧೀಂದ್ರನಿಗೆ ಚಟ್ನಿಯ ಮೆಣಸಿನಕಾಯಿಗಿಂತ ಜೋರಾಗಿ ಹತ್ತಿತು. ಏನೇ ಆಗಲಿ, ಇವತ್ತಿನ ಕೇಸನ್ನು ಇವತ್ತೇ ಮುಗಿಸಿ ಬರುತ್ತೇನೆ ಎಂದು ಎದ್ದವನು ಕೈ ತೊಳೆದು ಕಪ್ಪು ಕೋಟು ಹೆಗಲಿಗೆ ಹಾಕಿ ಧರ್ಮಪುರಿ ಬಸ್ಸು ಹತ್ತಿದ.

ಇವತ್ತಿನ ಕೇಸು ಮುನಿಲಕ್ಷ್ಮಮ್ಮನದು. ಮಾರಂಡಹಳ್ಳಿಯಿಂದ ಒಳಗೆ ಅತ್ತಿಗುಟ್ಟೆ ಎಂಬ ಊರು. ಅಲ್ಲಿಯ ಆರೋಗ್ಯ ಉಪಕೇಂದ್ರದಲ್ಲಿ ಆಕೆ ಮೂವತ್ತು ವರ್ಷದಿಂದ ನರ್ಸು. ವಯಸ್ಸು ಐವತ್ತೇಳು. ನಾಲ್ಕು ತಿಂಗಳ ಹಿಂದೆ ಆಕೆಯ ಮೇಲೆ ಇಲಾಖೆಗೆ ಒಂದು ಮೂಗರ್ಜಿ ಹೋಗಿತ್ತು. ಡಾಕ್ಟರನ್ನು ಕೇಳದೆ ತಾನೇ ಸೂಜಿ ಹಾಕುತ್ತಾಳೆ, ಬಸುರಿಯರನ್ನು ಆಸ್ಪತ್ರೆಗೆ ಕಳಿಸದೆ ಮನೆಯಲ್ಲೇ ಹೆರಿಗೆ ಮಾಡಿಸುತ್ತಾಳೆ ಎಂದು ಅದರಲ್ಲಿ ಎರಡು ಆರೋಪ. ಆಕೆಯನ್ನು ಸುಧೀಂದ್ರನ ಬಳಿಗೆ ಕರೆತಂದವನು ಪಕ್ಕದ ಕೋಣೆಯ ವಕೀಲ ನಾಗರಾಜನ್. “ಇವರಿಗೆ ನೀನೇ ಸರಿಯಾದ ಆಳು” ಎಂದು ತಾನೇ ಕುರ್ಚಿ ಎಳೆದು ಕೂರಿಸಿ ಹೋಗಿದ್ದ. ತನ್ನ ಕೈಗೆ ಬಂದ ಕೇಸನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವ ವಕೀಲ ಎಲ್ಲಿದ್ದಾನೆ? ತನ್ನ ಹೆಸರು ಅಷ್ಟು ದೊಡ್ಡದಾಗಿದೆ ಎಂದು ಸುಧೀಂದ್ರ ಒಂದು ವಾರ ಎದೆಯುಬ್ಬಿಸಿ ಓಡಾಡಿದ್ದ.

ಮುನಿಲಕ್ಷ್ಮಮ್ಮನೂ ಒಳ್ಳೆಯ ಕಕ್ಷಿದಾರಳು. ಉಳಿದವರ ಹಾಗೆ ಏನಾಯ್ತು, ಯಾವಾಗ ಮುಗಿಯುತ್ತೆ ಎಂದು ಪೀಡಿಸಿದವಳಲ್ಲ. ಎರಡು ಸಲ ವಾಯಿದೆ ತೆಗೆದುಕೊಂಡಾಗಲೂ ಕೈ ಮುಗಿದು ಸಂತೋಷವಾಗಿಯೇ ಊರಿಗೆ ಹೋಗಿದ್ದಳು.

ಧರ್ಮಪುರಿಯ ಆರೋಗ್ಯ ಇಲಾಖೆ ಕಚೇರಿಯ ಮುಂದೆ ಇಳಿದಾಗ ಬೇವಿನ ಮರದಡಿ ಒಂದು ಟೆಂಪೋ ನಿಂತಿತ್ತು. ಟೊಮ್ಯಾಟೊ ಕ್ರೇಟುಗಳನ್ನು ಬೋರಲು ಹಾಕಿಕೊಂಡು ಅತ್ತಿಗುಟ್ಟೆಯ ಹದಿನಾಲ್ಕು ಜನ ಕೂತಿದ್ದರು. ಒಳ್ಳೆಯ ಮಾತು ಹೇಳುವ ಇಬ್ಬರು ಸಾಕ್ಷಿಗಳನ್ನು ಕರೆತನ್ನಿ ಎಂದು ಅವನು ಹೇಳಿದ್ದ. ಊರಿನಲ್ಲಿ ಯಾರು ಹೋಗುವುದು ಎಂದು ಜಗಳವಾಗಿ ಟೆಂಪೋ ಹಿಡಿಸಿದಷ್ಟು ಜನ ಬಂದಿದ್ದರಂತೆ.

ಮುನಿಲಕ್ಷ್ಮಮ್ಮ ಇಸ್ತ್ರಿ ಮಾಡಿದ ಸೀರೆಯಲ್ಲಿ ಎದುರು ಬಂದು, “ವಾಯ್ದಾ ಕೇಳ್ತೀರಲ್ವಾ ಸಾರ್?” ಎಂದಳು.

“ಇವತ್ತು ವಾಯಿದೆ ಇಲ್ಲಮ್ಮ. ಇವತ್ತೇ ಮುಗಿಸಿಬಿಡ್ತೀನಿ.”

ತಕ್ಕಡಿಯಲ್ಲಿಟ್ಟ ಮಗು ಹೋದ ತಿಂಗಳಿಗಿಂತ ಕಡಿಮೆ ತೂಗಿದರೆ ನರ್ಸಿನ ಮುಖ ಹೇಗಾಗುತ್ತದೋ ಆಕೆಯ ಮುಖ ಹಾಗಾಯಿತು. ಪಾಪ, ಹೆದರಿದ್ದಾಳೆ ಎಂದುಕೊಂಡ ಸುಧೀಂದ್ರ ಧೈರ್ಯ ಹೇಳಿದ. ಆಕೆ ತನಗೆ ತಲೆ ಸುತ್ತುತ್ತಿದೆ ಎಂದಳು. ಅವನು ನಿಂಬೆ ಸೋಡ ತರಿಸಿಕೊಟ್ಟ. ಆಕೆ ಅದನ್ನು ಕುಡಿದು, ಅವನ ಮಣಿಕಟ್ಟು ಹಿಡಿದು ಗಡಿಯಾರ ನೋಡಿ, “ನಿಮಗೇ ಮೈ ಬೆಚ್ಚಗೈತೆ ಸಾರ್. ಇಂತಾದ್ರಾಗೆ ವಾದ ಮಾಡಬಾರ್ದು. ಇನ್ನೊಂದಿನ ಬರಾಣ” ಎಂದಳು. ತಾನು ಚೆನ್ನಾಗಿಯೇ ಇದ್ದೇನೆಂದು ಅವನು ನಕ್ಕುಬಿಟ್ಟ. ಆಕೆ ನಿಟ್ಟುಸಿರು ಬಿಟ್ಟು ಬೇವಿನ ಮರದಡಿಗೆ ಹೋದಳು. ಹದಿನಾಲ್ಕು ತಲೆಗಳೂ ಆಕೆಯ ಸುತ್ತ ಕಾಳಿಗೆ ಮುತ್ತಿದ ಕೋಳಿಗಳಂತೆ ಸೇರಿಕೊಂಡವು.

ಆ ಗುಂಪಿನಿಂದ ಸುಧೀಂದ್ರ ಇಬ್ಬರನ್ನು ಆರಿಸಿದ. ಒಬ್ಬ ಮಾರಿಯಪ್ಪ, ಬಿಳಿ ಮೀಸೆಯ ಗಂಭೀರ ಮುದುಕ. ಇನ್ನೊಬ್ಬಳು ರಾಮಕ್ಕ, ಊರಿನ ಎಲ್ಲ ಮನೆಗಳಿಗೂ ಹೋಗಿ ಬಂದು ಇರುವವಳು. ಇಬ್ಬರಿಗೂ ಕಚೇರಿಯ ಜಗಲಿಯಲ್ಲಿ ಮೂರೇ ವಾಕ್ಯ ಕಲಿಸಿದ. ನರ್ಸಮ್ಮ ಒಳ್ಳೆಯವರು. ಡಾಕ್ಟರು ಹೇಳಿದರೆ ಮಾತ್ರ ಸೂಜಿ ಹಾಕುತ್ತಾರೆ. ಹೆರಿಗೆ ಎಲ್ಲ ಆಸ್ಪತ್ರೆಯಲ್ಲೇ. ಇಬ್ಬರೂ ಮಗ್ಗಿ ಒಪ್ಪಿಸುವ ಹಾಗೆ ಐದು ಸಲ ತಪ್ಪಿಲ್ಲದೆ ಒಪ್ಪಿಸಿದರು.

ವಿಚಾರಣೆ ಮಾಡುವ ಅಧಿಕಾರಿ ಡಾಕ್ಟರ್ ವೆಂಕಟರಾಮ. ದಪ್ಪ ಕನ್ನಡಕ, ಸಾವಧಾನದ ಮನುಷ್ಯ. ಸೇಲಂನ ಕನ್ನಡದ ಮನೆಯವರಾದ್ದರಿಂದ ಕನ್ನಡದಲ್ಲಿ ಕೇಳಿ ತಮಿಳಿನಲ್ಲಿ ಬರೆದುಕೊಳ್ಳುತ್ತಿದ್ದರು. ವಕೀಲರು ಇವತ್ತು ವಾಯಿದೆ ಕೇಳುತ್ತಿಲ್ಲ ಎಂದು ತಿಳಿದು ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಅವನನ್ನು ನೋಡಿದರು. ಮೊದಲು ಮಾರಿಯಪ್ಪನನ್ನು ಕರೆದು, ಈಕೆ ತಾನೇ ಸೂಜಿ ಹಾಕುತ್ತಾಳಾ ಎಂದು ಕೇಳಿದರು.

ಮಾರಿಯಪ್ಪ ಒಮ್ಮೆ ನರ್ಸಮ್ಮನ ಕಡೆ ನೋಡಿ ಮೀಸೆ ಸವರಿಕೊಂಡ. “ಆಕ್ತಾಳೆ ಸ್ವಾಮಿ. ಡಾಕ್ಟ್ರು ಯಾತಕ್ಕೆ? ಆಯಮ್ಮ ಸೂಜಿ ಆಕಿದ್ರೆ ಆನೆನೂ ಎದ್ದು ನಿಲ್ತೈತೆ. ನಮ್ಮ ಎಮ್ಮೆಗೂ ಅವ್ಳೇ ಆಕೋದು.”

ಸುಧೀಂದ್ರ ಕುರ್ಚಿಯ ತುದಿಗೆ ಬಂದ. ಮುದುಕನಿಗೆ ಕಲಿಸಿದ್ದು ನೆನಪಾಗಲಿ ಎಂದು ಕೆಮ್ಮಿದ. ಮುದುಕ ಕೇಳಿಸಿಕೊಳ್ಳದೆ ಎಮ್ಮೆಯ ಕಾಯಿಲೆಗೆ ಇಳಿದ. ಇವನು ಇನ್ನೂ ಜೋರಾಗಿ ಕೆಮ್ಮಿದ. ಮುದುಕ ಎಮ್ಮೆಯಿಂದ ಹೋರಿಗೆ ಬಂದ. ಮೂರನೇ ಸಲ ಸುಧೀಂದ್ರ ಎಷ್ಟು ಕೆಮ್ಮಿದನೆಂದರೆ ಮೇಜಿನ ಮೇಲಿನ ಕಾಗದ ಅಲುಗಿತು.

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ, ಈ ಕೆಮ್ಮು ಎಷ್ಟು ದಿನದಿಂದ ಎಂದು ಕೇಳಿದರು. ತಬ್ಬಿಬ್ಬಾದ ಸುಧೀಂದ್ರ ಬಾಯಿಗೆ ಬಂದಂತೆ, ಬಹಳ ದಿನದಿಂದ ಹೀಗೇ ಎಂದುಬಿಟ್ಟ. ಎರಡು ವಾರ ಮೀರಿದ ಕೆಮ್ಮನ್ನು ಬಿಡಬಾರದು, ಈಗಲೇ ಕಫ ಪರೀಕ್ಷೆಗೆ ಕೊಡಿ, ಕೆಳಗೇ ಲ್ಯಾಬಿದೆ ಎಂದರು ಅಧಿಕಾರಿ. ಅವನು ಬೇಡ ಎನ್ನುವಷ್ಟರಲ್ಲಿ ಮುನಿಲಕ್ಷ್ಮಮ್ಮ ಮೂವತ್ತು ವರ್ಷದ ಅಭ್ಯಾಸಬಲದಿಂದ ಎದ್ದುಹೋಗಿ ಒಂದು ಪುಟ್ಟ ಡಬ್ಬಿ ತಂದಿದ್ದಳು. ಮುಚ್ಚಳದ ಮೇಲೆ ಅವನ ಹೆಸರು, ವಯಸ್ಸು, ತಾರೀಕು ಮುತ್ತು ಪೋಣಿಸಿದಂತೆ ಬರೆದಿತ್ತು. ಗಾಳಿ ಬೆಳಕು ಇರುವ ಕಡೆ ನಿಂತು, ಉಗುಳಲ್ಲ, ಎದೆಯಿಂದ ಬಂದದ್ದನ್ನೇ ಕೊಡಬೇಕು ಎಂದು ಎಲ್ಲರೆದುರಿಗೇ ತಿಳಿಹೇಳಿದಳು.

ಕರಿಕೋಟಿನ ವಕೀಲ ಕಟ್ಟಡದ ಹಿಂದೆ ಗೋಡೆಗೆ ಮುಖ ಮಾಡಿ ಡಬ್ಬಿ ಹಿಡಿದು ನಿಂತ. ಇಲ್ಲದ ಕಫ ಎಲ್ಲಿಂದ ಬರಬೇಕು? ಕಾಲು ಗಂಟೆ ಹೆಣಗಾಡಿದ. ಟೆಂಪೋ ಹತ್ತಿ ನಿಂತ ಹನ್ನೆರಡು ಜನ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಕೊನೆಗೆ ಏನೋ ಒಂದಿಷ್ಟು ಕೊಟ್ಟು ಮೇಲಕ್ಕೆ ಓಡಿ ಬರುವಷ್ಟರಲ್ಲಿ ರಾಮಕ್ಕನ ಸಾಕ್ಷಿ ಅರ್ಧ ಮುಗಿದಿತ್ತು.

ರಾಮಕ್ಕ ಹನ್ನೊಂದನೇ ಹೆರಿಗೆಯಲ್ಲಿದ್ದಳು. ನರ್ಸಮ್ಮ ಮನೆಯಲ್ಲೇ ಮಾಡಿಸಿದ ಹೆರಿಗೆಗಳನ್ನು ಬೆರಳು ಮಡಿಸಿ ಎಣಿಸಿ, ಬೆರಳು ಮುಗಿದ ಮೇಲೆ ಗೆಣ್ಣುಗಳಿಗೆ ಬಂದಿದ್ದಳು. ಅದರಲ್ಲಿ ಒಂದು ಅವಳಿ, ಅದೂ ಓಡುತ್ತಿದ್ದ ಟ್ರ್ಯಾಕ್ಟರಿನ ಮೇಲೆ. ಅಧಿಕಾರಿಯ ಪೆನ್ನು ಬೇಗ ಬೇಗ ಓಡುತ್ತಿತ್ತು. ಅವಳು ಅಲ್ಲಿಗೂ ನಿಲ್ಲಿಸಲಿಲ್ಲ. “ಇದೆಲ್ಲಾ ಏನು ಸಾರ್, ಇಗೋ ಈ ಮಾರಿಯಪ್ಪಣ್ಣಂಗೆ ಒಟ್ಟೆ ಕೊಯ್ದು ಅಪೆಂಡಿಕ್ಸು ತೆಗೆದವ್ಳೆ. ಕಯಿತ್ತು ಕಟ್ಟಿಲ್ ಮ್ಯಾಲೆ, ಲಾಂದ್ರದ ಬೆಳಕ್ನಾಗೆ.”

ಪೆನ್ನು ನಿಂತಿತು.

ಸುಧೀಂದ್ರನ ತಲೆಯೊಳಗೆ ಏನೋ ಕಿತ್ತುಹೋಯಿತು. ಬೆಳಗಿನ ಬಿಪಿ ಮಾತ್ರೆಯ ಮಾತು, ಡಬ್ಬಿ ಹಿಡಿದು ನಿಂತ ಅವಮಾನ, ಎದುರಿಗೆ ಹಗ್ಗದ ಮಂಚದ ಮೇಲಿನ ಆಪರೇಷನ್ನು, ಎಲ್ಲ ಒಟ್ಟಿಗೆ ನೆತ್ತಿಗೇರಿ, ಇವರು ತನ್ನದೇ ಸಾಕ್ಷಿಗಳೆನ್ನುವುದೂ ಮರೆತುಹೋಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕಾಗದ ನೋಡದೆ ಒಂದು ಪ್ರಶ್ನೆ ಕೇಳಿದ.

“ಎಲ್ಲಿ, ಹೊಲಿಗೆ ತೋರಿಸಿ.”

ಮಾರಿಯಪ್ಪ ರಾಮಕ್ಕನನ್ನು ನೋಡಿದ. ರಾಮಕ್ಕ ಫ್ಯಾನು ನೋಡಿದಳು. ಬೇರೆ ದಾರಿಯಿಲ್ಲದೆ ಮುದುಕ ಬನಿಯನ್ನು ಎತ್ತಿದ. ಒದ್ದೆ ಕೈಯಲ್ಲಿ ಕಟ್ಟಿದ ರಾಗಿ ಮುದ್ದೆಯಂತೆ ಹೊಟ್ಟೆ ನುಣ್ಣಗಿತ್ತು. ಅಧಿಕಾರಿ ಎದ್ದು ಮೇಜು ಸುತ್ತಿ ಬಂದು, ಬಗ್ಗಿ, ಎರಡು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಕಚಗುಳಿಯಾಗಿ ಮಾರಿಯಪ್ಪ ಕಿಸಕ್ಕೆಂದ. ಹೊಲಿಗೆ ಮಾಸಿಹೋಗಿದೆ, ನರ್ಸಮ್ಮನ ಕೈಗುಣ ಅಂಥದ್ದು ಎಂದು ಸಮಜಾಯಿಷಿ ಕೊಟ್ಟ.

ಹಗ್ಗ ಬಿಚ್ಚಿದ ಹೋರಿಯ ಹಾಗೆ ಸುಧೀಂದ್ರ ನುಗ್ಗಿದ. ಎಮ್ಮೆ ಎಲ್ಲಿದೆ ಎಂದು ಕೇಳಿದ. ಮಾರಿಯಪ್ಪನ ಮನೆಯಲ್ಲಿ ಇದ್ದದ್ದು ಎರಡು ಮೇಕೆ. ಮನೆಯಲ್ಲೇ ಹುಟ್ಟಿದ ಹನ್ನೊಂದು ಮಕ್ಕಳ ಹೆಸರು ಹೇಳಿ ಎಂದು ರಾಮಕ್ಕನನ್ನು ಕೇಳಿದ. ಅವಳು ಹೇಳಿದ ಒಂಬತ್ತು ಮಕ್ಕಳೂ ಆಸ್ಪತ್ರೆಯಲ್ಲಿ ಹುಟ್ಟಿದ್ದಕ್ಕೆ ನರ್ಸಮ್ಮನ ರಿಜಿಸ್ಟರಿನಲ್ಲಿ ದಾಖಲೆ ಇತ್ತು. ಉಳಿದ ಎರಡು ಇನ್ನೂ ಹುಟ್ಟಿಯೇ ಇರಲಿಲ್ಲ. ವಿಚಾರಣೆಗೆಂದು ಇಲಾಖೆ ಮೊದಲೇ ತರಿಸಿಟ್ಟಿದ್ದ ರಿಜಿಸ್ಟರುಗಳನ್ನು ಅವನು ಒಂದೊಂದಾಗಿ ಬಿಚ್ಚಿ ಮೇಜಿನ ಮೇಲೆ ಹರಡಿದ. ಲಸಿಕೆ, ತೂಕ, ಬಸುರಿಯರ ರಕ್ತಪರೀಕ್ಷೆ, ಡಾಕ್ಟರ ಚೀಟಿ ನೋಡಿ ಹಾಕಿದ ಸೂಜಿ, ಮೂವತ್ತು ವರ್ಷದಲ್ಲಿ ಒಂದು ಸಾಲು ಖಾಲಿ ಇರಲಿಲ್ಲ.

“ಆ ರಿಜಿಸ್ಟರೆಲ್ಲಾ ನಂಬಬ್ಯಾಡಿ ಸಾರ್,” ಮುನಿಲಕ್ಷ್ಮಮ್ಮ ಸಣ್ಣ ದನಿಯಲ್ಲಿ ಹೇಳಿದಳು. “ನಾನೇ ಬರ್ದಿರೋದು.”

ಇಂಥ ವಿನಯವನ್ನು ತಾನು ಸರ್ವೀಸಿನಲ್ಲೇ ಕಂಡಿಲ್ಲ ಎಂದರು ಅಧಿಕಾರಿ. ಊರ ಜನ ಅಭಿಮಾನಕ್ಕೆ ಬಿದ್ದು ಏನೇನೋ ಕಟ್ಟಿ ಹೇಳಿದ್ದಾರೆ, ಮೂಗರ್ಜಿಯೂ ಹೀಗೇ ಹುಟ್ಟಿದ ಸುಳ್ಳು, ದಾಖಲೆಯೇ ನಿಜ ಎಂದು ಅರ್ಧ ಪುಟ ಬರೆದು ವಿಚಾರಣೆ ಮುಗಿಸಿದರು. ಆಮೇಲೆ ಇನ್ನೊಂದು ಫೈಲು ಎಳೆದುಕೊಂಡು ನಗುತ್ತ ಹೇಳಿದರು:

“ಈ ವಿಚಾರಣೆ ಬಾಕಿ ಇತ್ತೂಂತ ನಿಮ್ಮ ಪ್ರಮೋಷನ್ನು ನಾಲ್ಕು ತಿಂಗಳಿಂದ ನಿಂತಿತ್ತಮ್ಮ. ಈಗಲೇ ಸಹಿ ಹಾಕ್ತೀನಿ. ಸೋಮವಾರ ಪಾಲಕೋಡಿಗೆ ಹೋಗಿ ಸೇರಿಕೊಳ್ಳಿ.”

ಸುಧೀಂದ್ರ ಮೆಟ್ಟಿಲಿಳಿದು ಬಂದದ್ದು ನೆಲದ ಮೇಲೆ ಕಾಲಿಟ್ಟು ಅಲ್ಲ. ಟೆಂಪೋದವರು ಓಡಿ ಬಂದು ಎತ್ತಿಕೊಳ್ಳುತ್ತಾರೇನೋ, ಹೇಗೆ ಬೇಡವೆನ್ನಲಿ ಎಂದು ಯೋಚಿಸುತ್ತ ಬೇವಿನ ಮರದ ಹತ್ತಿರ ಹೋದ. ರಾಮಕ್ಕ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಿದ್ದಳು. ಸಂತೋಷದ ಕಣ್ಣೀರು ಎಂದುಕೊಂಡು ಅವನು, ಗೆದ್ದೆವಲ್ಲಮ್ಮ ಎಂದ.

ಮಾರಿಯಪ್ಪ ಒಂದು ಕ್ರೇಟು ಸರಿಸಿ ಕೂರಿಸಿ, ಮಗುವಿಗೆ ಹೇಳುವ ಹಾಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಮೂಗರ್ಜಿ ಬರೆದವರು ಬೇರೆ ಯಾರೂ ಅಲ್ಲ, ಇಲ್ಲಿ ಕೂತಿರುವ ಹದಿನಾಲ್ಕು ಜನ. ಮುನಿಲಕ್ಷ್ಮಮ್ಮನಿಗೆ ಪ್ರಮೋಷನ್ನು ಬೇಡ. ಎರಡು ಸಲ ಬೇಡವೆಂದು ಬರೆದುಕೊಟ್ಟಿದ್ದಳು, ಮೂರನೇ ಸಲ ಮೇಲಿನವರು ಒಪ್ಪಲಿಲ್ಲ. ವಿಚಾರಣೆ ಬಾಕಿ ಇದ್ದರೆ ಪ್ರಮೋಷನ್ನು ಕೊಡುವುದಿಲ್ಲ ಎಂದು ಗೊತ್ತಾದಾಗ ಊರಿನವರು ಮರದಡಿ ಕೂತು ಆರೋಪಗಳನ್ನು ಯೋಚಿಸಿದರು. ಇಂಥವಳ ಮೇಲೆ ಆರೋಪ ಹೊಳೆಯಲು ಎರಡು ದಿನ ಹಿಡಿಯಿತು. ಇವತ್ತು ವಕೀಲರು ವಾಯಿದೆ ಬೇಡ ಎಂದಾಗ ದಿಕ್ಕು ತೋಚದೆ, ಕೇಸು ಇನ್ನಷ್ಟು ಉದ್ದವಾಗಲಿ ಎಂದು ಎಮ್ಮೆ, ಟ್ರ್ಯಾಕ್ಟರು, ಅಪೆಂಡಿಕ್ಸುಗಳನ್ನು ಸೇರಿಸಿದರು.

“ಮೂರು ವರ್ಸ ಎಳೆದಿದ್ರೆ ರಿಟೈರೇ ಆಗ್ತಿದ್ದೆ ಸಾರ್,” ಎಂದಳು ಮುನಿಲಕ್ಷ್ಮಮ್ಮ. “ಅಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಬೇರೆ ನರ್ಸ್‌ಗಳು ಬರ್ದಿದ್ದನ್ನ ನೋಡ್ಬೇಕು. ನಂಗೆ ಮಕ್ಕಳನ್ನ ಎತ್ಕೊಂಡು ಗೊತ್ತೇ ವಿನಾ ಅದೆಲ್ಲಾ ತೆರಿಯಾದು.”

ಸುಧೀಂದ್ರ, ಹಾಗಾದರೆ ಇಷ್ಟು ದೂರ ತನ್ನನ್ನೇ ಹುಡುಕಿಕೊಂಡು ಬಂದದ್ದೇಕೆ ಎಂದು ಕೇಳಿದ.

ಮಾರಿಯಪ್ಪ ಸಂಕೋಚದಿಂದ ಟವೆಲ್ಲು ಹಿಂಡಿದ. “ನಾವು ಮೊದ್ಲು ಓಗಿದ್ದು ನಾಗರಾಜನ್ ವಕೀಲ್ರ ತಾವ. ಅವ್ರೇ ಏಳಿದ್ರು. ಸುದೀಂದ್ರ ಸಾರ್ ಕೈಗೆ ಕೊಟ್ರೆ ಕೇಸು ಗೆಲ್ಲೋದೂ ಇಲ್ಲ, ಸೋಲೋದೂ ಇಲ್ಲ, ಬೆಳ್ಕೊಂಡು ಇರ್ತೈತೆ ಅಂತ.”

ಬೇವಿನ ಮರದಿಂದ ಒಂದು ಕಾಗೆ ಹಾರಿತು. ಸುಧೀಂದ್ರನಿಗೆ ಕೋಟು ಇದ್ದಕ್ಕಿದ್ದಂತೆ ಬಿಸಿಯೆನಿಸಿತು. ಮುನಿಲಕ್ಷ್ಮಮ್ಮ ಅವನನ್ನು ಬೈಯಲಿಲ್ಲ. ಇದಕ್ಕೆ ಮೇಲೆ ಅಪೀಲು ಹಾಕಬಹುದಾ ಎಂದಷ್ಟೇ ಕೇಳಿದಳು. ಸೋತವರು ಮಾತ್ರ ಅಪೀಲು ಹಾಕುವುದು ಎಂದು ಅವನು ಕಾನೂನು ಹೇಳಿದ.

“ಸೋತಿರೋದು ನಾವೇ ಅಲ್ವಾ ಸಾರ್,” ಎಂದಳು ಆಕೆ.

ಸೋಮವಾರ ಆಕೆ ಹೋಗಿ ಪಾಲಕೋಡಿನಲ್ಲಿ ಸೇರಿದಳೆಂದೂ, ಅತ್ತಿಗುಟ್ಟೆಯವರು ಮಕ್ಕಳನ್ನು ಎತ್ತಿಕೊಂಡು ಬಸ್ಸು ಹತ್ತಿ ಅಲ್ಲಿಗೇ ಬರತೊಡಗಿ ಲ್ಯಾಪ್‌ಟಾಪಿನ ಪಕ್ಕದಲ್ಲಿ ಮಕ್ಕಳ ತಕ್ಕಡಿಯೊಂದು ಬಂದು ಕೂತಿತೆಂದೂ ಅವನಿಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಆ ಸಂಜೆ ಸೇಲಂನಲ್ಲಿ ಇಳಿಯುವ ಹೊತ್ತಿಗೆ ಸುದ್ದಿ ಅವನಿಗಿಂತ ಮುಂಚೆ ಮನೆ ಸೇರಿತ್ತು. ಧರ್ಮಪುರಿಯಿಂದ ಹೊರಡುವಾಗ ಫೋನಿನಲ್ಲಿ “ಮುಗೀತು” ಎಂದು ಒಂದೇ ಮಾತು ಹೇಳಿದ್ದ. ಮೈತ್ರೇಯಿ ಅದನ್ನು ವೇದವತಿಗೆ ಹೇಳಿದಳು. ವೇದವತಿಗೆ ಹೇಳಿದ ಮೇಲೆ ಬೇರೆಯವರಿಗೆ ಹೇಳುವ ಅಗತ್ಯವಿರಲಿಲ್ಲ. ಆಕೆಯೇ ಕೇಸರಿಬಾತು ಮಾಡಿ, ಬೆಳಗಿನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ತಟ್ಟೆ ಮುಂದಿಟ್ಟರು. ಬೀದಿಯ ನಾಲ್ಕು ಮನೆಯವರು ಬಂದು ಕೈ ಕುಲುಕಿದರು. ನಿಜ ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಯಾರೋ ಅದರೊಳಗೆ ಕೇಸರಿಬಾತು ಇಟ್ಟರು. ಗೋಡಂಬಿ ಅಗಿಯುತ್ತ ಅಗಿಯುತ್ತ, ಹೇಗಾದರೂ ಆಗಲಿ, ಮುಗಿದದ್ದು ಮುಗಿದದ್ದೇ ತಾನೆ ಎಂದು ಅವನಿಗೂ ಸ್ವಲ್ಪ ಖುಷಿಯಾಯಿತು. ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ‘ಮುಕ್ತಾಯ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ.

ಶುಕ್ರವಾರ ಬೆಳಗ್ಗೆ ಕಚೇರಿಯ ಬೀಗ ತೆಗೆಯುವ ಮೊದಲೇ ಹಲ್ಲಿನ ಡಾಕ್ಟರು ಸಮೀರ ಬಾಗಿಲಲ್ಲಿದ್ದರು. ಅವರ ಹಿಂದೆ ಔಷಧಿ ಅಂಗಡಿಯ ಪಳನಿ, ಅವರ ಹಿಂದೆ ಇನ್ನೂ ಮೂವರು. ಅಭಿನಂದನೆಗೆ ಇಷ್ಟೊಂದು ಜನ ಬರುತ್ತಾರೆಂದು ಸುಧೀಂದ್ರ ಎಣಿಸಿರಲಿಲ್ಲ. ಒಳಗೆ ಕರೆದು ಕಾಫಿಗೆ ಹೇಳಿದ. ಸಮೀರ ಕಾಫಿ ಕುಡಿದು, ಅವನ ಕೆಲಸವನ್ನು ಬಾಯಿ ತುಂಬ ಹೊಗಳಿ, ಆರು ವರ್ಷದಿಂದ ತಾನು ನೆಮ್ಮದಿಯಾಗಿ ಹಲ್ಲು ಕೀಳುತ್ತಿರುವುದೇ ಅವನಿಂದ ಎಂದು ಹೇಳಿ, ತನ್ನ ಫೈಲು ವಾಪಸು ಬೇಕು ಎಂದರು.

ಸುಧೀಂದ್ರನಿಗೆ ಅರ್ಥವಾಗಲಿಲ್ಲ.

“ತಪ್ಪು ತಿಳ್ಕೋಬೇಡಿ ಸಾರ್,” ಎಂದರು ಸಮೀರ. “ನೀವೀಗ ಕೇಸು ಮುಗಿಸೋಕೆ ಶುರು ಮಾಡಿದ್ದೀರಂತಲ್ಲಾ.”

ಹನ್ನೊಂದು ಗಂಟೆಗೆ ಐದೂ ಜನ, ಸುಧೀಂದ್ರ ಮನೆಯ ಅಟ್ಟದಿಂದ ತರಿಸಿಕೊಟ್ಟ ತಂತಮ್ಮ ಕಟ್ಟುಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟರು. ದೂರವೇನೂ ಹೋಗಲಿಲ್ಲ. ಚಪ್ಪಲಿಯ ಸದ್ದು ಎಂಟು ಹೆಜ್ಜೆ ನಡೆದು ಪಕ್ಕದ ಬಾಗಿಲಲ್ಲಿ ನಿಂತಿತು. ನಡುವಿನ ಪ್ಲೈವುಡ್ ಗೋಡೆಯಾಚೆ ಕುರ್ಚಿ ಎಳೆದ ಸದ್ದಾಯಿತು, ಆಮೇಲೆ ನಾಗರಾಜನ್‌ನ ಸಮಾಧಾನದ ದನಿ ಕೇಳಿಸಿತು.

“ಕೂತ್ಕೊಳ್ಳಿ, ಕೂತ್ಕೊಳ್ಳಿ. ಮೊದಲು ಒಂದು ತಾರೀಕು ತೊಗೊಂಡುಬಿಡೋಣ. ಪೊಂಗಲ್ ಆದ್ಮೇಲೆ ನೋಡಿದ್ರಾಯ್ತು.”